ಹಿಮ ಕಾಯುತ್ತ ಶಿಮ್ಲಾದಲ್ಲಿ

ಶಿಮ್ಲಾದಲ್ಲಿ ಹಿಮವಿರಲಿಲ್ಲ!

ಹಾಸನ ಬಿಟ್ಟ ನಾಲ್ಕನೆಯ ದಿನ ಮಧ್ಯಾಹ್ನ, ಮಾಲ್ ರಸ್ತೆಯ ಏರನ್ನು ಏದುಸಿರು ಬಿಡುತ್ತ ಹತ್ತಿ ರಿಡ್ಜ್ ಎಂಬ ಬಯಲಿಗೆ ಬಂದು ನಿಂತಿತು ಐದು ಜನರ ಆ ಸಂಸಾರ. ಕಣ್ಣಿಗೆ ಬಿದ್ದದ್ದು ತೊಳೆದಿಟ್ಟಂತಹ ನೀಲಿ ಆಕಾಶ, ಕ್ರೈಸ್ಟ್ ಚರ್ಚಿನ ಗೋಪುರ, ಕುದುರೆ ಸವಾರಿ ಮಾಡುತ್ತಿದ್ದ ಮಕ್ಕಳು, ಕಡಲೆಕಾಯಿ ಸುಲಿಯುತ್ತ ಬಿಸಿಲು ಕಾಯಿಸುತ್ತಿದ್ದ ಜನ. ಬಹುದೂರದಲ್ಲಿ, ಉತ್ತರದ ಅಂಚಿನಲ್ಲಿ, ಹಿಮಾಲಯದ ಬಿಳಿಯ ಸಾಲು ಸಣ್ಣಗೆ ಕಾಣುತ್ತಿತ್ತು. ಕಾಲ ಕೆಳಗೆ ಮಾತ್ರ ಒಣ ನೆಲ.

"ಅಪ್ಪಾ, ಎಲ್ಲಿ?" ಎಂದ ಐದನೆಯ ತರಗತಿಯ ಮಗ. ಅವನ ಕೈಯಲ್ಲಿ ಬೆಂಗಳೂರಿನಲ್ಲಿ ಕೊಂಡ ಉಣ್ಣೆಯ ಕೈಚೀಲವಿತ್ತು, ಹಿಮದ ಉಂಡೆ ಕಟ್ಟಲು ಬೇಕಾಗುತ್ತದೆಂದು ರೈಲಿಳಿದ ಕೂಡಲೇ ಹಾಕಿಕೊಂಡಿದ್ದ. ಅಪ್ಪ ಆಕಾಶ ನೋಡಿದರು. ಅಮ್ಮ ಅಪ್ಪನನ್ನು ನೋಡಿದರು. ಒಂಬತ್ತನೆಯ ತರಗತಿಯ ಮಗಳು, "ನಾನು ಆಗಲೇ ಹೇಳಿದ್ದೆ" ಎಂಬ ಮುಖ ಮಾಡಿದಳು. ಎಪ್ಪತ್ತರ ಅಜ್ಜಿಯೊಬ್ಬರೇ ನೆಮ್ಮದಿಯಾಗಿ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಶಾಲು ಬಿಚ್ಚಿ, "ಬಿಸಿಲು ಹಿತವಾಗಿದೆ ಕಣೋ" ಎಂದರು.

ಈ ಪ್ರವಾಸದ ಮೂಲ ಮನೆಯ ಫ್ರಿಜ್ಜು. ಅದರ ಮೇಲಿನ ಖಾನೆಯಲ್ಲಿ ಕಟ್ಟುತ್ತಿದ್ದ ಬಿಳಿಯ ಪುಡಿಯನ್ನು ಚಮಚದಿಂದ ಕೆರೆಯುತ್ತಿದ್ದ ಮಗ, "ಇದು ಆಕಾಶದಿಂದ ಬೀಳೋ ಊರಿಗೆ ಯಾವಾಗ ಹೋಗೋದು?" ಎಂದು ಕೇಳಿದ್ದ. ಅಪ್ಪ ಮಾತು ಕೊಟ್ಟುಬಿಟ್ಟಿದ್ದರು. ದಸರಾ ರಜೆಗೆ ಅಲ್ಲಿ ಹಿಮ ಬಂದಿರುವುದಿಲ್ಲ, ಬೇಸಿಗೆ ರಜೆಗೆ ಕರಗಿ ಹೋಗಿರುತ್ತದೆ. ಉಳಿದದ್ದು ಡಿಸೆಂಬರಿನ ಪುಟ್ಟ ಕ್ರಿಸ್‌ಮಸ್ ರಜೆ. ಆದರೆ ಚಿತ್ರಗಳಲ್ಲಿ ಕಾಣುವಂತೆ ಕ್ರಿಸ್‌ಮಸ್ ಎಂದರೆ ಹಿಮ ಎಂಬ ನಿಯಮ ಶಿಮ್ಲಾಕ್ಕಿಲ್ಲ. ಸುಮಾರು 2,200 ಮೀಟರ್ ಎತ್ತರದ ಈ ಊರಿಗೆ ಹಿಮ ಹೆಚ್ಚಾಗಿ ಬರುವುದು ಜನವರಿ, ಫೆಬ್ರವರಿಯಲ್ಲಿ. 2016ರಲ್ಲಿ ಕ್ರಿಸ್‌ಮಸ್ ದಿನವೇ ಹಿಮ ಬಿದ್ದಾಗ ಅದು ಪತ್ರಿಕೆಗಳಿಗೆ ಸುದ್ದಿಯಾಯಿತು. ಪ್ರತಿ ವರ್ಷ ಬೀಳುವಂತಿದ್ದರೆ ಸುದ್ದಿ ಮಾಡುವವರು ಯಾರು?

ಹಾಗೆಂದು ಬರುವ ದಾರಿ ವ್ಯರ್ಥವಾಗಿರಲಿಲ್ಲ. ಯಶವಂತಪುರದಿಂದ ಚಂಡೀಗಢಕ್ಕೆ ಎರಡು ರಾತ್ರಿ ರೈಲಿನಲ್ಲಿ ಕಳೆದು, ಅಲ್ಲಿಂದ ಕಾಲ್ಕಾ ಸೇರಿ, ಮುಂಜಾನೆ ಪುಟ್ಟ ರೈಲು ಹತ್ತಿದ್ದರು. 1903ರ ನವೆಂಬರಿನಲ್ಲಿ ಸಂಚಾರಕ್ಕೆ ತೆರೆದ ಈ ಮಾರ್ಗದ ಹಳಿಗಳ ನಡುವಿನ ಅಂತರ ಕೇವಲ 762 ಮಿಲಿಮೀಟರ್. ನಮ್ಮ ದೊಡ್ಡ ರೈಲಿನ ಹಳಿಯ ಅಂತರದ ಅರ್ಧಕ್ಕಿಂತಲೂ ಕಡಿಮೆ. ಕಾಲ್ಕಾ ಸಮುದ್ರ ಮಟ್ಟದಿಂದ 656 ಮೀಟರ್ ಎತ್ತರದಲ್ಲಿದ್ದರೆ, ಶಿಮ್ಲಾ ನಿಲ್ದಾಣ ಇರುವುದು ಸುಮಾರು 2,075 ಮೀಟರ್ ಎತ್ತರದಲ್ಲಿ. ಸುಮಾರು 96 ಕಿಲೋಮೀಟರ್ ದೂರದಲ್ಲಿ ಇಷ್ಟು ಏರಬೇಕು. ಊಟಿಯ ರೈಲಿಗಿರುವ ಹಲ್ಲಿನ ಹಳಿ ಇಲ್ಲಿಲ್ಲ. ಆದ್ದರಿಂದ ಏರು ಎಲ್ಲಿಯೂ 33ಕ್ಕೆ 1ನ್ನು ಮೀರದಂತೆ ಹಳಿಯನ್ನು ಬೆಟ್ಟದ ಸುತ್ತ ಸುತ್ತಿಸಿ, ಬಳಸಿ, ತಿರುಗಿಸಿ ಒಯ್ದಿದ್ದಾರೆ. ಹಿಂದಿನ ಡಬ್ಬಿಯಲ್ಲಿ ಕುಳಿತವರು ಕಿಟಕಿಯಿಂದ ಮುಂದಿನ ಎಂಜಿನ್ನಿಗೆ ಕೈಬೀಸಬಹುದು. ಕಂಡಾಘಾಟ್ ಸಮೀಪದ ಕಮಾನಿನ ಸೇತುವೆಯೊಂದು ಹಳೆಯ ರೋಮನ್ ಕಾಲುವೆಯಂತೆ ಅಂತಸ್ತಿನ ಮೇಲೆ ಅಂತಸ್ತಾಗಿ ನಿಂತಿದೆ. 2008ರಲ್ಲಿ ಈ ಮಾರ್ಗಕ್ಕೆ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ದೊರೆಯಿತು.

ಮಗನಿಗೆ ಬೇಕಾಗಿದ್ದದ್ದು ಸುರಂಗ. ಪ್ರತಿ ಸುರಂಗದ ಬಾಯಲ್ಲೂ ಅದರ ಸಂಖ್ಯೆ ಬರೆದಿರುತ್ತದೆ. ಅವನು ಸಂಖ್ಯೆ ನೋಡದೆ ತಾನೇ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಬಂದ. 33ನೆಯದು ಬರೋಗ್ ಸುರಂಗ, ಒಂದು ಕಿಲೋಮೀಟರಿಗೂ ಉದ್ದ, ಇಡೀ ದಾರಿಯಲ್ಲೇ ದೊಡ್ಡದು. ಇದನ್ನು ಕೊರೆಯಲು ಮೊದಲು ಹೊರಟ ಬರೋಗ್ ಎಂಬ ಇಂಜಿನಿಯರ್ ಬೆಟ್ಟದ ಎರಡೂ ಕಡೆಯಿಂದ ಕೆಲಸ ಶುರುಮಾಡಿಸಿದನಂತೆ. ಎರಡು ಕೊರೆತಗಳೂ ಬೆಟ್ಟದ ಹೊಟ್ಟೆಯಲ್ಲಿ ಒಂದನ್ನೊಂದು ಸೇರಲೇ ಇಲ್ಲವಂತೆ. ಸರ್ಕಾರ ಅವನಿಗೆ ಒಂದು ರೂಪಾಯಿ ದಂಡ ಹಾಕಿತು, ಆಮೇಲೆ ಭಲ್ಕು ಎಂಬ ಸ್ಥಳೀಯನೊಬ್ಬ ಕೋಲಿನಿಂದ ಬಂಡೆ ತಟ್ಟಿ ತಟ್ಟಿ ಬೇರೆ ದಾರಿ ತೋರಿಸಿದ ಎಂದು ಆ ಕಡೆಯ ಜನ ಹೇಳುತ್ತಾರೆ. ಕಥೆಯಲ್ಲಿ ಎಷ್ಟು ನಿಜವೋ, ಭಲ್ಕು ಹೆಸರಿನ ರೈಲು ವಸ್ತುಸಂಗ್ರಹಾಲಯವಂತೂ ಶಿಮ್ಲಾದಲ್ಲಿದೆ. ಒಂದು ಡಿಗ್ರಿ ಕೋನ ತಪ್ಪಿದರೆ ಅರ್ಧ ಕಿಲೋಮೀಟರ್ ಒಳಗೆ ಹೋಗುವಷ್ಟರಲ್ಲಿ ಗುರಿ ಎಂಟೊಂಬತ್ತು ಮೀಟರ್ ಆಚೆ ಹೋಗಿರುತ್ತದೆ ಎಂದು ಮಗಳು ಲೆಕ್ಕ ಹಾಕಿ ತೋರಿಸಿದಳು. ಕೋನಮಾಪಕ ಪರೀಕ್ಷೆಗೆ ಮಾತ್ರ ಬೇಕಾದದ್ದು ಎಂದು ಅದುವರೆಗೆ ಅವಳ ತಮ್ಮ ತಿಳಿದಿದ್ದ.

ಶಿಮ್ಲಾ ಸಮೀಪಿಸಿದಾಗ ಜಗಳವೇ ಆಯಿತು. ಕೊನೆಯ ಸುರಂಗದ ಬಾಯಲ್ಲಿ 103 ಎಂದು ಬರೆದಿದೆ, ಹುಡುಗನ ಗೀಟು 102. "ನೀನು ಸೋಲನ್‌ನಲ್ಲಿ ತೂಕಡಿಸಿದೆ" ಎಂದಳು ಅಕ್ಕ. "ಇಲ್ಲ" ಎಂದ ಅವನು, ಕಣ್ಣಲ್ಲಿ ನೀರು. ಟಿಕೆಟ್ ಪರೀಕ್ಷಕರು ನಕ್ಕು ಅವನ ಬೆನ್ನು ತಟ್ಟಿದರು. ಸುರಂಗಗಳಲ್ಲಿ ಒಂದು ಈಗ ಇಲ್ಲ. ಹಳೆಯ ಸಂಖ್ಯೆಗಳನ್ನು ಬದಲಾಯಿಸದೆ ಉಳಿಸಿಕೊಂಡಿದ್ದಾರೆ ಅಷ್ಟೆ. ಎಣಿಸಿದವನೇ ಗೆದ್ದ, ಬೋರ್ಡು ಓದಿದವಳು ಸೋತಳು.

ಅದೇ ಕೊನೆಯ ಹಂತದಲ್ಲಿ, ಜುಟೋಗ್ ಮತ್ತು ಸಮ್ಮರ್ ಹಿಲ್ ನಿಲ್ದಾಣಗಳ ನಡುವೆ, 2023ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಹಳಿ ಗಾಳಿಯಲ್ಲಿ ತೋರಣದಂತೆ ನೇತಾಡಿತ್ತು. ಅಲ್ಲಿ ಒಂದು ದೇವಾಲಯವೂ ಅದರೊಳಗಿದ್ದ ಜನರೂ ಮಣ್ಣಿನಡಿ ಹೋದರು. ರೈಲು ಆ ಜಾಗ ದಾಟುವಾಗ ಡಬ್ಬಿಯಲ್ಲಿದ್ದ ಸ್ಥಳೀಯರು ಮಾತು ನಿಲ್ಲಿಸಿ ಕೈಮುಗಿದರು. ಅಜ್ಜಿಯೂ ಕೈಮುಗಿದರು, ಕಾರಣ ಆಮೇಲೆ ಕೇಳಿದರು.

ಏರುತ್ತ ಹೋದಂತೆ ಚಳಿ ಹೆಚ್ಚಾಗುವುದು ಎಲ್ಲರ ಅನುಭವ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಕಾಲ್ಕಾಕ್ಕಿಂತ ಶಿಮ್ಲಾ ಒಂಬತ್ತು ಡಿಗ್ರಿಯಷ್ಟು ತಣ್ಣಗಿರಬೇಕು. ಜೊತೆಗೆ ಗಾಳಿಯ ಒತ್ತಡವೂ ಇಳಿಯುತ್ತದೆ. ಚೀಲದಲ್ಲಿದ್ದ ಆಲೂಗಡ್ಡೆ ಚಿಪ್ಸ್ ಪೊಟ್ಟಣ ಉಬ್ಬಿ ದಿಂಬಿನಂತಾಗಿತ್ತು. ತಂಗಿದ ವಸತಿಗೃಹದಲ್ಲಿ ಚಹಾ ಕೊಟ್ಟರೆ, "ಕುದಿಸಿದ್ದಾರೋ ಇಲ್ಲವೋ" ಎಂದು ಅಜ್ಜಿಗೆ ಅನುಮಾನ. ಕುದಿಸಿದ್ದರು, ಸಂಶಯವಿಲ್ಲ. ಆದರೆ ಅಷ್ಟು ಎತ್ತರದಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 93 ಡಿಗ್ರಿಗೆ. ಕುಕ್ಕರ್ ಇಲ್ಲದೆ ರಾಜ್ಮಾ ಬೇಯಿಸಲು ಕುಳಿತರೆ ಅಲ್ಲಿ ಊಟಕ್ಕೆ ಕತ್ತಲಾಗುತ್ತದೆ.

ಎರಡನೆಯ ದಿನವೂ ಬಿಸಿಲು. ಜಾಖೂ ಬೆಟ್ಟ ಹತ್ತಿ ಆಂಜನೇಯನ ದರ್ಶನವಾಯಿತು, ಅವನ ಪರಿವಾರದವರು ಅಪ್ಪನ ಕನ್ನಡಕ ಕಿತ್ತುಕೊಂಡು ಕಡಲೆ ಕೊಟ್ಟ ಮೇಲೆ ಹಿಂದಿರುಗಿಸಿದ್ದೂ ಆಯಿತು. ಮಗನ ಮುಖ ಮಾತ್ರ ಬಾಡಿಯೇ ಇತ್ತು. ರಿಡ್ಜ್ ಬಯಲಿನಲ್ಲಿ ಬಾಡಿಗೆಗೆ ಹಿಮಾಚಲದ ಉಡುಪು ತೊಡಿಸಿ ಫೋಟೋ ತೆಗೆಯುವವರು, "ನಾಳೆ ಖಂಡಿತ ಬೀಳುತ್ತೆ" ಎಂದು ದಿನವೂ ಭರವಸೆ ಕೊಡುತ್ತಿದ್ದರು. ಹೀಗೆ ಹೇಳದಿದ್ದರೆ ಅವರ ವ್ಯಾಪಾರವೂ ನಡೆಯದು.

ಹಿಮ ಬೀಳಲು ಚಳಿ ಒಂದೇ ಸಾಲದು. ಮೋಡ ಬೇಕು. ನಮಗೆ ಮಳೆ ತರುವ ಮುಂಗಾರು ನೈರುತ್ಯದಿಂದ ಬಂದರೆ, ಹಿಮಾಲಯದ ಈ ಭಾಗಕ್ಕೆ ಚಳಿಗಾಲದ ಮೋಡ ಬರುವುದು ಪಶ್ಚಿಮದಿಂದ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿದ ವಾಯುಭಾರ ಕುಸಿತಗಳು ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ, ದಾರಿಯಲ್ಲಿ ತೇವ ಹೀರುತ್ತ ಬಂದು ಹಿಮಾಲಯಕ್ಕೆ ಬಡಿಯುತ್ತವೆ. ಪಶ್ಚಿಮದ ಪ್ರಕ್ಷುಬ್ಧತೆ ಎಂದು ಹವಾಮಾನ ವರದಿಯಲ್ಲಿ ಕೇಳುವುದು ಇದನ್ನೇ. ಒಂದು ಬಂದು ಹೋದ ಮೇಲೆ ಇನ್ನೊಂದು ಬರುವವರೆಗೆ ಕಾಯಬೇಕು. "ಮಳೆ ಕಾಯೋದು ಗೊತ್ತಿಲ್ವಾ ಪುಟ್ಟ ನಮಗೆ? ಮೃಗಶಿರಾ ಕೈಕೊಟ್ಟರೆ ಆರಿದ್ರಾ ಅಂತ ಕೂತಿರ್ತೀವಿ. ಇದೂ ಹಾಗೇ" ಎಂದರು ಅಜ್ಜಿ. ಸಕಲೇಶಪುರದ ಕಡೆಯ ಹಳ್ಳಿಯಲ್ಲಿ ಗದ್ದೆ ಮಾಡಿಸಿದವರು ಅವರು.

ಮೂರನೆಯ ದಿನ ಬೆಳಿಗ್ಗೆ ಮಗಳ ಹಟಕ್ಕೆ ಎಲ್ಲರೂ ಲಕ್ಕಡ್ ಬಜಾರಿನ ಕೆಳಗಿರುವ ಐಸ್ ಸ್ಕೇಟಿಂಗ್ ಮೈದಾನಕ್ಕೆ ಹೋದರು. ಹೋಗದಿದ್ದರೆ ದೊಡ್ಡದೊಂದನ್ನು ಕಳೆದುಕೊಳ್ಳುತ್ತಿದ್ದರು. 1920ರಿಂದ ನಡೆದು ಬಂದಿರುವ ಬಯಲು ಮೈದಾನವಿದು. ದಶಕಗಳ ಕಾಲ ಇಲ್ಲಿ ಮಂಜುಗಡ್ಡೆ ಕಟ್ಟಿಸಿದ್ದು ಯಂತ್ರವಲ್ಲ, ರಾತ್ರಿ. ಸಂಜೆ ಮೈದಾನಕ್ಕೆ ತೆಳುವಾಗಿ ನೀರು ಹಾಯಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಗಾಜಿನ ಹಾಳೆಯಾಗಿರುತ್ತದೆ. ಮರುಸಂಜೆ ಅದರ ಮೇಲೆ ಇನ್ನೊಂದು ಪದರ. ಸುತ್ತಲಿನ ಗುಡ್ಡ ಮತ್ತು ಕಟ್ಟಡಗಳ ನೆರಳಿನಿಂದಾಗಿ ಹಗಲಿನ ಬಿಸಿಲು ಅದನ್ನು ಬೇಗ ಕರಗಿಸುವುದಿಲ್ಲ. ಉಕ್ಕಿನ ಅಲಗು ಕಟ್ಟಿದ ಬೂಟು ತೊಟ್ಟು ಊರಿನ ಮಕ್ಕಳು ಕೊಕ್ಕರೆಗಳಂತೆ ತೇಲುತ್ತಿದ್ದರು. ಗುಡ್ಡಗಾಡಿನ ಶಾಲೆಗಳಿಗೆ ದೀರ್ಘ ರಜೆ ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ ಎಂದು ತಿಳಿದಾಗ ಹಾಸನದ ಇಬ್ಬರು ಮಕ್ಕಳಿಗೂ ಹೊಟ್ಟೆಕಿಚ್ಚಾಯಿತು.

ಮೈದಾನದ ಕೆಲಸಗಾರನೊಬ್ಬ ಆಕಾಶಕ್ಕೆ ಕೈತೋರಿಸಿ, "ನಕ್ಷತ್ರ ಚೆನ್ನಾಗಿ ಕಂಡರೆ ನಮಗೆ ಹಬ್ಬ. ಮೋಡ ಬಂದರೆ ಆಟ ಬಂದ್" ಎಂದ. ಮಗನಿಗೆ ಇದು ಅರ್ಥವಾಗಲಿಲ್ಲ. ಮೋಡ ಬಂದರೆ ಹಿಮ, ಹಿಮ ಎಂದರೆ ಚಳಿ. ಹಾಗಿದ್ದರೆ ಮೋಡ ಬಂದಾಗ ನೀರು ಹೆಪ್ಪುಗಟ್ಟುವುದಿಲ್ಲವೇಕೆ?

ಉತ್ತರ ಹೊಳೆದದ್ದು ಅಜ್ಜಿಗೆ, ಅವರದೇ ರೀತಿಯಲ್ಲಿ. "ಅವರೆಕಾಯಿಗೆ ಸೊಗಡು ಬರೋದು ಯಾವಾಗ? ಇಬ್ಬನಿ ಬಿದ್ದಾಗ. ಇಬ್ಬನಿ ಬೀಳೋದು ಯಾವಾಗ? ಆಕಾಶ ಬೋಳಾಗಿದ್ದಾಗ. ಮೋಡ ಮುಚ್ಚಿದ ರಾತ್ರಿ ಇಬ್ಬನಿ ಇರುತ್ತೇನೋ?" ಹಗಲಿನಲ್ಲಿ ಕಾದ ನೆಲ ರಾತ್ರಿ ತನ್ನ ಶಾಖವನ್ನು ಕಣ್ಣಿಗೆ ಕಾಣದ ವಿಕಿರಣವಾಗಿ ಮೇಲಕ್ಕೆ ಕಳಿಸುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಶಾಖವನ್ನು ಹೀರಿ ಒಂದಷ್ಟನ್ನು ನೆಲಕ್ಕೇ ಹಿಂದಿರುಗಿಸುತ್ತದೆ. ಮೋಡವಿಲ್ಲದ ರಾತ್ರಿ ಶಾಖಕ್ಕೆ ತಡೆಯಿಲ್ಲ. ನೆಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಸನದಲ್ಲಿ ಇಬ್ಬನಿ ಕಟ್ಟಿಸುವ ಅದೇ ಬೋಳು ಆಕಾಶ ಶಿಮ್ಲಾದಲ್ಲಿ ಮೈದಾನವನ್ನೇ ಹೆಪ್ಪುಗಟ್ಟಿಸುತ್ತದೆ. ಯಾವ ಆಕಾಶವನ್ನು ಮೂರು ದಿನದಿಂದ ಹುಡುಗ ಶಪಿಸುತ್ತಿದ್ದನೋ, ಅದರ ಕೃಪೆಯಿಂದಲೇ ಅವನು ಆ ಬೆಳಿಗ್ಗೆ ಹನ್ನೊಂದು ಬಾರಿ ಬಿದ್ದು ಎದ್ದು ನಾಲ್ಕು ಹೆಜ್ಜೆ ಜಾರಲು ಕಲಿತ.

ಆ ರಾತ್ರಿಯೇ ಒಂದು ಅಚಾತುರ್ಯ ನಡೆಯಿತು. ಇದನ್ನು ತಂದೆತಾಯಿಗಳು ಸ್ವಲ್ಪ ಗಮನವಿಟ್ಟು ಓದಬೇಕು.

ಅಜ್ಜಿಗೆ ಕೈಕಾಲು ಬೆಚ್ಚಗಾಗಲೆಂದು ವಸತಿಗೃಹದ ಹುಡುಗ ಕಬ್ಬಿಣದ ಅಗ್ಗಿಷ್ಟಿಕೆಯಲ್ಲಿ ಕೆಂಪಗೆ ಉರಿಯುವ ಇದ್ದಿಲು ತಂದಿಟ್ಟ. ಅದನ್ನು ಅಲ್ಲಿ ಅಂಗೀಠಿ ಎನ್ನುತ್ತಾರೆ. ಹೋಗುವಾಗ ಹಿಂದಿಯಲ್ಲಿ ಏನೋ ಹೇಳಿದ. ಅಪ್ಪನ ಹಿಂದಿ ಸಿನಿಮಾ ನೋಡಿ ಕಲಿತದ್ದು, ತಲೆಯಾಡಿಸಿದರು. ಹೊಗೆಯಿಲ್ಲ, ವಾಸನೆಯಿಲ್ಲ, ಹಿತವಾದ ಶಾಖ. ಗಾಳಿ ನುಗ್ಗದಿರಲೆಂದು ಅಮ್ಮ ಬಾಗಿಲ ಸಂದಿಗೆ ಟವೆಲು ತುರುಕಿದರು. ಐವರೂ ರಜಾಯಿ ಹೊದ್ದು ಮಲಗಿದರು. ಮಧ್ಯರಾತ್ರಿಯ ಹೊತ್ತಿಗೆ ಅಜ್ಜಿಗೆ ಎಚ್ಚರವಾಯಿತು. ತಲೆ ಸಿಡಿಯುತ್ತಿತ್ತು. ಪಕ್ಕದಲ್ಲಿ ಮೊಮ್ಮಗ ನಿದ್ದೆಯಲ್ಲೇ ನರಳುತ್ತಿದ್ದ. ಎಬ್ಬಿಸಿದರೆ, "ತಲೆ ತಿರುಗುತ್ತೆ ಅಜ್ಜಿ" ಎಂದು ವಾಂತಿ ಮಾಡಿಕೊಂಡ. ಅಜ್ಜಿ ತಡಮಾಡಲಿಲ್ಲ. ತೂರಾಡುತ್ತಲೇ ಹೋಗಿ ಕಿಟಕಿ ತೆರೆದು, ಮಗನನ್ನೂ ಸೊಸೆಯನ್ನೂ ಕೂಗಿ ಎಬ್ಬಿಸಿ, ಎಲ್ಲರನ್ನೂ ಮೊಗಸಾಲೆಗೆ ಎಳೆದರು. ಇದ್ದಿಲಿನ ಹೊಗೆ ಕಾಣದಿದ್ದರೂ ಕೊಲ್ಲುತ್ತದೆ ಎಂಬುದನ್ನು ಅವರು ಬಾಣಂತಿ ಕೋಣೆಯ ಕೆಂಡದ ಕಾಲದಿಂದ ಬಲ್ಲವರು.

ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದು ಅಂಟಿಕೊಳ್ಳುತ್ತದೆ. ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ; ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಇಂತಹ ಸುದ್ದಿ ಬರುತ್ತದೆ. ಮಗಳು ಅದರ ಸೂತ್ರವನ್ನೂ ಗುಣಗಳನ್ನೂ ಶಾಲೆಯಲ್ಲಿ ಬರೆದು ಪೂರ್ಣ ಅಂಕ ಪಡೆದವಳು. ಆದರೆ ಕೋಣೆಯ ಮೂಲೆಯಲ್ಲಿ ಕೆಂಪಗೆ ಕುಳಿತಿದ್ದದ್ದು ಅದೇ ಎಂದು ಅವಳಿಗೆ ಹೊಳೆದಿರಲಿಲ್ಲ. ಬೆಳಿಗ್ಗೆ ಹುಡುಗನನ್ನು ವಿಚಾರಿಸಿದಾಗ ಗೊತ್ತಾಯಿತು, ಅವನು ಹೇಳಿದ್ದದ್ದು "ಮಲಗುವ ಮೊದಲು ಹೊರಗಿಡಿ" ಎಂದು. ವೈದ್ಯರು ಪರೀಕ್ಷಿಸಿ, ಗಾಬರಿಯಿಲ್ಲ ಎಂದ ಮೇಲೆಯೇ ಅಮ್ಮ ಊಟ ಮಾಡಿದ್ದು. ಭಾಷೆ ಅರ್ಧ ಅರ್ಥವಾದಾಗ ತಲೆಯಾಡಿಸುವುದು ನಮ್ಮ ಪ್ರವಾಸಿಗರ ಹಳೆಯ ಚಟ.

ನಾಲ್ಕನೆಯ ದಿನ ವಿಶ್ರಾಂತಿ. ಐದನೆಯ ದಿನ ಟ್ಯಾಕ್ಸಿ ಮಾಡಿಕೊಂಡು ನಾರ್ಕಂಡಾಕ್ಕೆ ಹೋದರು. ಕುಫ್ರಿ, ಠಿಯೋಗ್ ದಾಟಿ ಅರವತ್ತು ಕಿಲೋಮೀಟರಿನಷ್ಟು ದೂರ, 2,700 ಮೀಟರ್ ಎತ್ತರ. ಅಲ್ಲಿ ಮರಗಳ ನೆರಳಿನಲ್ಲಿ ಹಿಂದಿನ ವಾರ ಬಿದ್ದ ಹಿಮ ಉಳಿದಿತ್ತು. ಗಟ್ಟಿಯಾಗಿ, ಮಣ್ಣು ಬೆರೆತು, ಮೇಲೆ ಬಿಸ್ಕತ್ತಿನ ಕಾಗದ ಅಂಟಿಕೊಂಡಿದ್ದ ಹಿಮ. ಮಗ ಮುಟ್ಟಿ ನೋಡಿ, "ಫ್ರಿಜ್ಜಿನದೇ ಚೆನ್ನಾಗಿತ್ತು" ಎಂದ.

ದಾರಿಯುದ್ದಕ್ಕೂ ಎಲೆಯುದುರಿದ ಸೇಬಿನ ಮರಗಳು. ಮುಂದಿನ ಕೋಟ್‌ಗಢ ಪ್ರದೇಶಕ್ಕೆ ಅಮೆರಿಕದ ಸಿಹಿ ಸೇಬಿನ ತಳಿ ತಂದು ಬೆಳೆಸಿದವರು ಸ್ಯಾಮ್ಯುಯಲ್ ಸ್ಟೋಕ್ಸ್. 1904ರಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋಗಿ, ಮುಂದೆ ಸತ್ಯಾನಂದ ಸ್ಟೋಕ್ಸ್ ಎಂದು ಹೆಸರಾದ ಅಮೆರಿಕನ್ ಅವರು. ಟ್ಯಾಕ್ಸಿ ಚಾಲಕನಿಗೂ ಒಂದು ಪುಟ್ಟ ಸೇಬಿನ ತೋಟವಿತ್ತು. ಹಿಮ ಬರಲಿಲ್ಲವೆಂದು ಅವನಿಗೂ ಚಿಂತೆ, ಆದರೆ ಅದು ಹುಡುಗನ ಚಿಂತೆಯಂತಹದ್ದಲ್ಲ. ಸೇಬಿನ ಮರ ಚಳಿಗಾಲದಲ್ಲಿ ನಿದ್ರಿಸುತ್ತದೆ. ಏಳು ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಸಾವಿರ ಗಂಟೆಗೂ ಹೆಚ್ಚು ಕಳೆದರೆ ಮಾತ್ರ ಆ ಹಳೆಯ ತಳಿಗಳಿಗೆ ವಸಂತದಲ್ಲಿ ಸರಿಯಾಗಿ ಎಚ್ಚರವಾಗುತ್ತದೆ. ಚಳಿ ಸಾಲದಿದ್ದರೆ ಹೂವು ಒಮ್ಮೆಗೇ ಬಾರದೆ, ಹಿಂದೆ ಮುಂದೆ ಅರಳಿ, ಕಾಯಿ ಕಚ್ಚುವುದಿಲ್ಲ. ಹಿಮ ಬಿದ್ದರೆ ಚಳಿಯೂ ಉಳಿಯುತ್ತದೆ, ಮೆಲ್ಲಗೆ ಕರಗಿ ಬೇರಿಗೆ ತೇವವೂ ಇಳಿಯುತ್ತದೆ. ಅಜ್ಜಿ ಮತ್ತು ಚಾಲಕ, ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ, ಬೆಳೆಯ ವಿಚಾರವಾಗಿ ದಾರಿಯುದ್ದಕ್ಕೂ ಮಾತಾಡಿದರು. ಮಗಳು ನಡುವೆ ದುಭಾಷಿ. ಬ್ಲಾಸಮ್ ಮಳೆ ಬಾರದಿದ್ದರೆ ಕಾಫಿ ಹೂವು ಕೈಕೊಡುವ ಕಥೆ ಹೀಗೆ ನಾರ್ಕಂಡಾ ರಸ್ತೆಯಲ್ಲಿ ಹಿಂದಿಗೆ ಅನುವಾದವಾಯಿತು.

ಸಂಜೆ ಮತ್ತೆ ರಿಡ್ಜ್. ರಿಡ್ಜ್ ಎಂದರೆ ಬೆಟ್ಟದ ಏಣು, ದಿಬ್ಬದ ಬೆನ್ನು. ಈ ಏಣಿನ ಒಂದು ಪಕ್ಕದಲ್ಲಿ ಬಿದ್ದ ನೀರು ಸಟ್ಲೆಜ್ ನದಿ ಸೇರಿ, ಸಿಂಧುವಿನೊಡನೆ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಪಕ್ಕದ ನೀರು ಯಮುನೆಯ ಪಾಲಾಗಿ, ಗಂಗೆಯೊಡನೆ ಬಂಗಾಳ ಕೊಲ್ಲಿಗೆ ಸೇರುತ್ತದೆ. ಅಪ್ಪ ಇದನ್ನು ಹೇಳಿದಾಗ ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮ ಬಿಸಿಲೆ ಘಾಟಿ ಹತ್ರಾನೂ ಹೀಗೇ ಅಲ್ವೇನೋ? ಕಲ್ಲು ನೆಟ್ಟಿದಾರೆ. ಈ ಕಡೆ ಬಿದ್ದಿದ್ದು ಹೇಮಾವತಿಗೆ, ಆ ಕಡೆ ಬಿದ್ದಿದ್ದು ಕುಮಾರಧಾರೆಗೆ." ಸಾವಿರಾರು ಕಿಲೋಮೀಟರ್ ದೂರದ ಎರಡು ಏಣುಗಳು, ಸಮುದ್ರಗಳು ಮಾತ್ರ ಅವೇ ಎರಡು.

ಇನ್ನೊಂದು ಸಂಗತಿ ಬಹಳ ಪ್ರವಾಸಿಗರಿಗೆ ತಿಳಿಯದು. ಅವರು ಕುಣಿದು ಕುಪ್ಪಳಿಸುವ ಆ ಬಯಲಿನ ಅಡಿಯಲ್ಲಿ ಬ್ರಿಟಿಷರ ಕಾಲದ ಒಂದು ಭಾರಿ ನೀರಿನ ತೊಟ್ಟಿಯಿದೆ. ಊರಿನ ಒಂದು ಭಾಗಕ್ಕೆ ಇಂದಿಗೂ ನೀರು ಹೋಗುವುದು ಅಲ್ಲಿಂದಲೇ. ಬೆಟ್ಟದ ನೆತ್ತಿಯ ಮೇಲೆ ಕುಳಿತ ಊರಿಗೆ ನದಿಯಿಲ್ಲ. ಕೆಳಗಿನ ಕಣಿವೆಗಳ ತೊರೆಗಳಿಂದ ನೀರನ್ನು ಪಂಪುಗಳ ಮೂಲಕ ಏರಿಸಬೇಕು. ಆ ತೊರೆಗಳನ್ನು ಬೇಸಿಗೆಯವರೆಗೆ ಜೀವಂತವಾಗಿಡುವುದರಲ್ಲಿ ಚಳಿಗಾಲದ ಮಳೆ, ಹಿಮಗಳ ಪಾತ್ರ ದೊಡ್ಡದು. ಹಿಂದಿನ ಚಳಿಗಾಲ ಕೈಕೊಟ್ಟಿದ್ದ 2018ರ ಮೇ ಕೊನೆಯಲ್ಲಿ ಶಿಮ್ಲಾದ ನಲ್ಲಿಗಳು ಒಣಗಿದವು. ಜನ ಕೊಡ, ಬಕೆಟ್ಟು ಹಿಡಿದು ರಾತ್ರಿಯೆಲ್ಲ ಟ್ಯಾಂಕರಿಗೆ ಕಾದರು. ಜೂನ್ ಮೊದಲ ವಾರ ಸರ್ಕಾರಿ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಪ್ರವಾಸಿಗರೇ ಆಧಾರವಾದ ಊರಿನವರೇ, "ದಯವಿಟ್ಟು ಈಗ ಬರಬೇಡಿ" ಎಂದು ಪ್ರವಾಸಿಗರನ್ನು ಬೇಡಿಕೊಂಡರು. ಸೋರಿಕೆ, ಜನಸಂಖ್ಯೆ, ಹೋಟೆಲುಗಳ ಹೊರೆ ಎಲ್ಲವೂ ಅದಕ್ಕೆ ಕಾರಣವಾಗಿದ್ದವೆನ್ನಿ. ಮಗ ಅಂದು ಮೊದಲ ಬಾರಿಗೆ ಕಾಲ ಕೆಳಗಿನ ನೆಲವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ.

ರಾತ್ರಿ ಮೋಡ ಕವಿಯಿತು. ವಿಚಿತ್ರವೆಂದರೆ ಚಳಿ ಕಡಿಮೆಯಾಯಿತು. ಮಲಗುವಾಗ ತಗಡಿನ ಮಾಡಿನ ಮೇಲೆ ಟಪಟಪ ಮಳೆ ಹನಿ ಕೇಳಿಸುತ್ತಿತ್ತು. ಆಮೇಲೆ ಆ ಸದ್ದೂ ನಿಂತುಹೋಯಿತು.

ಬೆಳಿಗ್ಗೆ ಐದೂವರೆಗೆ ಅಮ್ಮ ಕಿಟಕಿಯ ಪರದೆ ಸರಿಸಿದವರು ಮಾತೇ ಹೊರಡದೆ ನಿಂತರು. ಆಮೇಲೆ, "ರೀ, ಏಳ್ರೀ, ಮಕ್ಕಳನ್ನ ಎಬ್ಬಿಸಿ" ಎಂದರು. ಹೊರಗೆ ಬೀದಿದೀಪದ ಬೆಳಕಿನಲ್ಲಿ, ಹತ್ತಿಯ ಎಳೆ ಬಿಡಿಸಿ ಯಾರೋ ಮೇಲಿನಿಂದ ತೂರಿದಂತೆ, ನಿಧಾನವಾಗಿ, ತಿರುಗುತ್ತ, ಹಿಮ ಇಳಿಯುತ್ತಿತ್ತು. ದೇವದಾರು ಮರಗಳ ರೆಂಬೆಗಳು ಭಾರಕ್ಕೆ ಬಾಗಿ, ಜಾರಿಸಿ, ಮತ್ತೆ ಮೇಲೇಳುತ್ತಿದ್ದವು. ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ನಿಶ್ಶಬ್ದ. ಹೊಸ ಹಿಮದ ಹರಳುಗಳ ನಡುವೆ ಗಾಳಿಯೇ ಹೆಚ್ಚು. ಆ ಸಂದುಗಳು ಸದ್ದನ್ನು ನುಂಗುತ್ತವೆ. ಮಾಲ್ ರಸ್ತೆ ಕಿವಿಗೆ ಹತ್ತಿ ಇಟ್ಟುಕೊಂಡಂತಿತ್ತು. ಮಗಳು ಕಪ್ಪು ಸ್ವೆಟರಿನ ತೋಳು ಚಾಚಿ ಬಿದ್ದ ಹಳುಕುಗಳನ್ನು ನೋಡಿದಳು. ಆರು ಮೂಲೆ, ಆರು ಗರಿ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಷಟ್ಕೋನದ ಜೋಡಣೆಯಲ್ಲೇ ಕೂರುವುದರಿಂದ ಆ ಆರರ ಲೆಕ್ಕ ತಪ್ಪುವುದಿಲ್ಲ. ಪ್ರತಿ ಹರಳೂ ಗಾಜಿನಂತೆ ಪಾರದರ್ಶಕ, ರಾಶಿಯಾದರೆ ಬೆಳ್ಳಗೆ. ಕಲ್ಲುಸಕ್ಕರೆ ಕುಟ್ಟಿದಾಗ ಬೆಳ್ಳಗಾಗುವುದಿಲ್ಲವೇ, ಹಾಗೆ. ಅಸಂಖ್ಯ ಮೈಗಳಿಂದ ಬೆಳಕು ಚೆದುರಿ ಎಲ್ಲ ಬಣ್ಣವೂ ಸೇರಿ ಬರುತ್ತದೆ.

ಮಗ ಏನು ಮಾಡಿದ ಎಂದು ಹೇಳುವ ಅಗತ್ಯವಿಲ್ಲ. ಮಧ್ಯಾಹ್ನದವರೆಗೆ ಅವನು ಒಳಗೆ ಬರಲಿಲ್ಲ. ಉಣ್ಣೆಯ ಕೈಚೀಲ ಹತ್ತು ನಿಮಿಷದಲ್ಲಿ ಒದ್ದೆಯಾಗಿ ನಿರುಪಯೋಗಿಯಾಯಿತು; ಹಿಮದಲ್ಲಿ ಆಡಲು ನೀರು ಹಿಡಿಯದ ಕೈಚೀಲ ಬೇಕು. ಸಿನಿಮಾ ನಾಯಕಿಯರು ತೆಳು ಸೀರೆಯಲ್ಲಿ ಇದರ ಮೇಲೆ ಹೇಗೆ ಕುಣಿಯುತ್ತಾರೋ ಎಂದು ಅಮ್ಮನಿಗೆ ಕನಿಕರ ಹುಟ್ಟಿತು.

ಊರಿನವರಿಗೆ ಅದು ಬರೀ ಸಂಭ್ರಮವಲ್ಲ. ಬಸ್ಸುಗಳು ನಿಂತಿದ್ದವು. ವಿದ್ಯುತ್ ಹೋಗಿತ್ತು. ಹಾಲಿನವನು ನಡೆದು ಬಂದ. ಬೆನ್ನ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತ ಹಮಾಲಿಗಳು ಬೂಟಿಗೆ ಗೋಣಿ ಸುತ್ತಿಕೊಂಡು ಒಂದೊಂದೇ ಹೆಜ್ಜೆ ಊರುತ್ತ ಏರುತ್ತಿದ್ದರು. ಅವರು ಹೋಗುವ ದಾರಿಯಲ್ಲೇ ಪ್ರವಾಸಿಗರು ಜಾರಾಟ ಆಡಿ ಹಿಮವನ್ನು ನುಣುಪು ಮಾಡಿಡುತ್ತಿದ್ದರು. ನಮ್ಮವರು ದಾರಿ ಬಿಟ್ಟು ಪಕ್ಕದಲ್ಲಿ ಆಡಿದರೆ ಯಾರಿಗೂ ನಷ್ಟವಿಲ್ಲ.

ಮಗಳು ಒಂದು ಪ್ರಯೋಗ ಮಾಡಿದಳು. ಅಜ್ಜಿಯ ಸ್ಟೀಲ್ ಚೊಂಬಿನಲ್ಲಿ ಒತ್ತದೆ, ಅದುಮದೆ, ಬಿದ್ದಂತೆಯೇ ಹಿಮ ತುಂಬಿ ಕೋಣೆಯೊಳಗಿಟ್ಟಳು. ಕರಗಲು ಬಹಳ ಹೊತ್ತು ಹಿಡಿಯಿತು. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖ ಬೇಕು. ಪಠ್ಯದಲ್ಲಿ ಗುಪ್ತೋಷ್ಣ ಎಂದು ಓದುವುದು ಇದನ್ನೇ. ಬೆಟ್ಟದ ಮೇಲಿನ ಹಿಮ ಒಂದೇ ಬಿಸಿಲಿಗೆ ಹರಿದುಹೋಗದೆ ತಿಂಗಳುಗಟ್ಟಲೆ ತೊಟ್ಟಿಕ್ಕುವುದೂ ಇದರಿಂದಲೇ. ಕೊನೆಗೆ ನೋಡಿದರೆ ತುಂಬಿದ್ದ ಚೊಂಬಿನ ತಳದಲ್ಲಿ ಒಂದು ಬೆರಳಿನಷ್ಟು ನೀರು. ಹೊಸ ಹಿಮ ಹತ್ತು ಸೆಂಟಿಮೀಟರ್ ಬಿದ್ದರೆ ನೀರು ಒಂದು ಸೆಂಟಿಮೀಟರ್ ಎಂಬುದು ಸ್ಥೂಲವಾದ ಲೆಕ್ಕ. "ಇಷ್ಟೇನಾ?" ಎಂದ ಹುಡುಗ. "ಇಷ್ಟಾದರೂ ಬಂತಲ್ಲ" ಎಂದರು ಅಜ್ಜಿ.

ಆ ನೀರನ್ನು ಅವನು ಚೆಲ್ಲಗೊಡಲಿಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಸುರಿದು, ಮುಚ್ಚಳ ಬಿಗಿಯಾಗಿ ತಿರುಗಿಸಿ ಚೀಲದಲ್ಲಿಟ್ಟುಕೊಂಡ. ಮರುದಿನ ಆಕಾಶ ತಿಳಿಯಾಗಿತ್ತು, ಚಳಿ ಇನ್ನೂ ಬಿರುಸಾಗಿತ್ತು, ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬಿದ್ದ ಬೆಳಕಿನ ಬಹುಪಾಲನ್ನು ಹೊಸ ಹಿಮ ಹಿಂದಕ್ಕೆ ಎಸೆಯುವುದರಿಂದ ಕಪ್ಪು ಕನ್ನಡಕ ಅಲ್ಲಿ ಅಲಂಕಾರವಲ್ಲ, ಅಗತ್ಯ. ಮಾಲ್ ರಸ್ತೆಯ ಇಳಿಜಾರಿನಲ್ಲಿ ಅಂಗಡಿಯವರು ಮರಳು ಎರಚುತ್ತಿದ್ದರು. ನಿಲ್ದಾಣದವರೆಗೆ ಐವರೂ ಒಬ್ಬರ ಕೈ ಒಬ್ಬರು ಹಿಡಿದು ನಡೆದರು.

ರೈಲು ಇಳಿಯುತ್ತ ಬಂದಂತೆ ಬರೋಗ್‌ನಲ್ಲಿ ಮಂಕಿ ಟೋಪಿ, ಧರಂಪುರದಲ್ಲಿ ಶಾಲು, ಕಾಲ್ಕಾದಲ್ಲಿ ಸ್ವೆಟರ್ ಕಳಚಿದವು. ಹುಡುಗ ಬಾಟಲಿ ತೆಗೆದು ನೋಡಿದರೆ ಅದು ಯಾರೋ ಹಿಡಿದು ಹಿಸುಕಿದಂತೆ ನಡುವಿನಲ್ಲಿ ನುಗ್ಗಾಗಿತ್ತು. "ಯಾರು ತುಳಿದಿದ್ದು?" ಎಂದು ಎಲ್ಲರ ಮೇಲೂ ಕೂಗಾಡಿದ. ಅಕ್ಕ ನಕ್ಕಳೇ ಹೊರತು ಕಾರಣ ಹೇಳಲಿಲ್ಲ. ಮುಚ್ಚಳ ಮಾತ್ರ ತೆರೆಯಬೇಡ ಎಂದಳು. ಶಿಮ್ಲಾದ ತೆಳು ಗಾಳಿಯನ್ನು ಒಳಗಿಟ್ಟುಕೊಂಡೇ ಆ ಬಾಟಲಿ ಹಾಸನಕ್ಕೆ ಬಂತು. ಹಾಸನ ಕಾಲ್ಕಾಕ್ಕಿಂತ ಒಂದಷ್ಟು ಎತ್ತರದಲ್ಲಿರುವುದರಿಂದ ನುಗ್ಗು ಸ್ವಲ್ಪ ಬಿಟ್ಟುಕೊಂಡಿತ್ತು, ಪೂರ್ತಿ ಅಲ್ಲ. ತುಳಸಿಕಟ್ಟೆಗೆ ಹಾಕೋಣ ಕೊಡೋ ಎಂದು ಅಜ್ಜಿ ಎರಡು ಬಾರಿ ಕೇಳಿದರೂ ಅವನು ಕೊಟ್ಟಿಲ್ಲ. ಶಾಲೆ ತೆರೆದ ದಿನ ಅದನ್ನು ತರಗತಿಗೆ ಒಯ್ದು, ಇದರೊಳಗೆ ಏನಿದೆ ಹೇಳಿ ಎಂದು ಗೆಳೆಯರನ್ನು ಕೇಳಿದನಂತೆ. ಎಲ್ಲರೂ ನೀರು ಎಂದರಂತೆ.